ದಾಟದವರ ಲೆಕ್ಕ

ಮೂರು ದಿನ ಮಳೆಯಲ್ಲಿ ಕೂತು ಕುಕ್ಕಪ್ಪ ಮೂರು ಸೊನ್ನೆ ಬರೆದ.

ಕೂರಿಸಿದ್ದು ಪಂಚಾಯತ್. ಕಡಬ ತಾಲೂಕಿನ ಮೂಲೆಯಲ್ಲಿದ್ದ ಆ ಗ್ರಾಮದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕೆಂದು ವರ್ಷವರ್ಷವೂ ಅರ್ಜಿ ಕೊಡುವ ಜಾಗಗಳು ನಾಲ್ಕು. ಈ ಸಲ ಮೇಲಿನಿಂದ ಬಂದ ಫಾರ್ಮು ಒಂದನ್ನು ಮಾತ್ರ ಆರಿಸಿ ಕಳಿಸಿ ಎಂದಿತ್ತು. ಮೇಜು ಕುಟ್ಟಿ ಜಗಳವಾಡುವ ಬದಲು ಅಂಕಿಯೇ ಹೇಳಲಿ ಎಂದು ಪಿಡಿಒ ಜಯಪ್ರಕಾಶರು ನಿಶ್ಚಯಿಸಿದರು. ಜುಲೈಯಲ್ಲಿ ಮೂರು ದಿನ, ಬೆಳಿಗ್ಗೆ ಏಳರಿಂದ ಸಂಜೆ ಆರರ ತನಕ, ಪ್ರತಿ ಜಾಗದಲ್ಲಿ ಒಬ್ಬರು ಕೂತು ತೋಡು ದಾಟಿದವರನ್ನು ಎಣಿಸಬೇಕು. ಹೆಚ್ಚು ಜನ ದಾಟಿದಲ್ಲಿಗೆ ಸಂಕ. ಕೇಳಲಿಕ್ಕೆ ಎಷ್ಟು ನ್ಯಾಯವಾಗಿತ್ತು!

ಪೊಯ್ಯೆಗುಂಡಿ ತೋಡು ಕುಕ್ಕಪ್ಪನ ಪಾಲಿಗೆ ಬಂತು. ಅವನು ಪಂಚಾಯತಿನ ನೀರು ಬಿಡುವವನು. ಇಪ್ಪತ್ತೆರಡು ವರ್ಷಗಳಿಂದ ಪಂಪು ಹಾಕಿ, ವಾಲ್ವ್ ತಿರುಗಿಸಿ, ಮನೆಮನೆಯ ಮೀಟರ್ ಓದುವವನು. ಕಂಡದ್ದನ್ನು ಮಾತ್ರ ಬರೆಯುತ್ತಾನೆಂಬ ಹೆಸರಿತ್ತು. ಹಿಂದೊಮ್ಮೆ ಅಧ್ಯಕ್ಷರ ಮನೆಯ ಮೀಟರಿನಲ್ಲೂ ಕಂಡದ್ದನ್ನೇ ಬರೆದು ಆರು ತಿಂಗಳು ಬೈಗುಳ ತಿಂದಿದ್ದ.

ತೋಡಿನ ಆಚೆಕರೆಯಲ್ಲಿ ಏಳು ಮನೆ. ಬೇಸಿಗೆಯಲ್ಲಿ ಎರಡು ಅಡಿಕೆ ಮರ ಅಡ್ಡ ಹಾಕಿಕೊಂಡು ದಾಟುತ್ತಾರೆ. ಜೂನಿನ ಮೊದಲ ದೊಡ್ಡ ನೀರು ಅದನ್ನು ಒಯ್ಯುತ್ತದೆ. ಆಮೇಲೆ ಈಚೆಗೆ ಬರಬೇಕಾದರೆ ಗುಡ್ಡ ಸುತ್ತಿ ಒಂಬತ್ತು ಕಿಲೋಮೀಟರ್ ಮಣ್ಣಿನ ದಾರಿ. ಬಸ್ಸಿಲ್ಲ. ಶಾಲೆ, ರೇಷನ್ ಅಂಗಡಿ, ಹಾಲಿನ ಸೊಸೈಟಿ, ಬಸ್ ಸ್ಟಾಪು, ಎಲ್ಲ ಈಚೆಗೆ. ಆ ಏಳು ಮನೆಗಳಲ್ಲಿ ಒಂದು ಕುಕ್ಕಪ್ಪನ ಅಕ್ಕ ಪ್ರೇಮಾವತಿಯದು.

ಎಣಿಕೆಯ ಮೂರನೆಯ ದಿನ ಮಧ್ಯಾಹ್ನ ಅಕ್ಕ ಪ್ಲಾಸ್ಟಿಕ್ ಹೊದ್ದುಕೊಂಡು ಆಚೆಕರೆಗೆ ಬಂದು ನಿಂತಳು. ಕೈಯೆತ್ತಿ ಏನೋ ಕೂಗಿದಳು. ನಡುವೆ ಮೂವತ್ತು ಅಡಿ ಕೆಂಪು ನೀರು ಮೊರೆಯುತ್ತಿತ್ತು. ಒಂದು ಅಕ್ಷರವೂ ಈಚೆಗೆ ಬರಲಿಲ್ಲ. ಕುಕ್ಕಪ್ಪನೂ ಕೈಯೆತ್ತಿದ. ಅವಳು ಸ್ವಲ್ಪ ಹೊತ್ತು ನಿಂತು ವಾಪಸು ಹೋದಳು. ಆರು ಗಂಟೆಗೆ ಅವನು ಮೂರನೆಯ ಸೊನ್ನೆ ಬರೆದು, ಕೆಳಗೆ ಸಹಿ ಹಾಕಿ, ಹಾಳೆಯನ್ನು ಒದ್ದೆಯಾಗದ ಹಾಗೆ ಅಂಗಿಯೊಳಗೆ ಇಟ್ಟುಕೊಂಡ.

ಮರುದಿನ ಬೆಳಿಗ್ಗೆ ಫೋನು ಬಂತು.

"ಎಷ್ಟು ಬರೆದೆ?"

"ಸೊನ್ನೆ, ಅಕ್ಕ."

"ನಾನು ಅಲ್ಲಿ ನಿಂತದ್ದು ಕಂಡಿತಾ ನಿಂಗೆ?"

"ಕಂಡಿತು."

"ಕಂಡೂ ಸೊನ್ನೆ ಬರೆದೆಯಾ?"

"ನೀನು ದಾಟಲಿಲ್ಲವಲ್ಲ ಅಕ್ಕ."

"ದಾಟಿದ್ದರೆ ಹೆಣ ಆಗಿ ಕೆಳಗಿನ ಕಟ್ಟದಲ್ಲಿ ಸಿಗ್ತಿದ್ದೆ. ಆಗ ಒಂದು ಅಂತ ಬರೀಬಹುದಿತ್ತು ನಿಂಗೆ." ಅವಳ ಉಸಿರು ಕೇಳಿಸುತ್ತಿತ್ತು. "ಉದಯ ನಿಶ್ಚಯ ಮಾಡಿ ಆಯ್ತು. ಈ ಸಲವೂ ಪಟ್ಟಿಯಲ್ಲಿ ಹೆಸರು ಇಲ್ಲ ಅಂದ್ರೆ ಮುಂದಿನ ಒಂದನೇ ತಾರೀಕಿಗೆ ಯಶಸ್ವಿ ಪುತ್ತೂರಿನ ಹಾಸ್ಟೆಲಿಗೆ. ಒಂಬತ್ತು ವರ್ಷದ ಮಗು ಮಾರಾಯ. ಇನ್ನೂ ನನ್ನ ಸೆರಗು ಹಿಡ್ಕೊಂಡು ಮಲಗುದು."

ಫೋನು ಕಟ್ಟಾಯಿತು. ಆಮೇಲೆ ಅವನು ಎಷ್ಟು ಸಲ ಮಾಡಿದರೂ ಅಕ್ಕ ಎತ್ತಲಿಲ್ಲ. ಅವಳ ಮಗ, ಯಶಸ್ವಿಯ ಅಪ್ಪ ಉದಯ ಎತ್ತಿ, "ಅಮ್ಮ ದನ ಕಟ್ಲಿಕ್ಕೆ ಹೋಗಿದ್ದಾರೆ ಮಾವ" ಎಂದ. ಎರಡನೇ ಸಲವೂ ದನ, ಮೂರನೇ ಸಲವೂ ದನ.

ಪಂಚಾಯತಿನಲ್ಲಿ ನಾಲ್ಕು ಹಾಳೆಗಳೂ ಬಂದು ಸೇರಿದವು. ಮೆಂಬರ್ ಸೀನಣ್ಣನ ವಾರ್ಡಿನ ತೋಡಿನಲ್ಲಿ ಮೂರು ದಿನಕ್ಕೆ ಮುನ್ನೂರ ಹನ್ನೆರಡು ಜನ. ಅಲ್ಲಿ ಅಜ್ಜಂದಿರ ಕಾಲದ ಉದ್ದದ ಚಪ್ಪಡಿ ಕಲ್ಲೊಂದು ಅಡ್ಡ ಬಿದ್ದಿದೆ, ಬಿರುಕು ಬಿಟ್ಟದ್ದು ಹೌದು, ಆದರೂ ಜನ ದಾಟುತ್ತಾರೆ. ಕಲ್ಲು ಇರುವಲ್ಲಿ ಸಂಕ ಬರುವುದು, ಏನೂ ಇಲ್ಲದಲ್ಲಿ ಏನೂ ಬಾರದಿರುವುದು. ಇದ್ದವರಿಗೆ ಇನ್ನಷ್ಟು ಕೊಡಲು ಈ ನಾಡಿಗೆ ಯಾವತ್ತೂ ಕಾರಣದ ಕೊರತೆ ಆದದ್ದಿಲ್ಲ. ಈಗ ಅಂಕಿಯೂ ಸಿಕ್ಕಿತ್ತು.

ಜಯಪ್ರಕಾಶರು ಕೆಟ್ಟವರಲ್ಲ. ಬಾಗಿಲು ಅರ್ಧ ಹಾಕಿ ಕುಕ್ಕಪ್ಪನಿಗೆ ಹೇಳಿದರು: "ಒಂದು ನೂರು ಅಂತ ಬರೆದಿದ್ದರೆ ಯಾರು ನೋಡ್ಲಿಕ್ಕೆ ಬರ್ತಿದ್ರು ಮಾರಾಯ? ಮಂಡೆ ಸಮ ಉಂಟಾ ನಿಂಗೆ? ಈಗಲೂ ಪೆನ್ನು ಇಲ್ಲೇ ಉಂಟು."

"ಬೇಡ ಸಾರ್. ಇವತ್ತು ನಾನು ಇಲ್ಲದ ನೂರು ಬರೆದರೆ ನಾಳೆ ಸೀನಣ್ಣ ಇಲ್ಲದ ಸಾವಿರ ಬರೀತಾರೆ. ಅವರಿಗೆ ಕೈ ಓಡ್ತದೆ."

"ಹಾಗಾದರೆ ನಿನ್ನ ಅಕ್ಕನಿಗೆ ನೀನೇ ಹೇಳು."

"ಅಕ್ಕ ಫೋನ್ ಎತ್ತುದಿಲ್ಲ ಸಾರ್."

ಮೂಲೆಯ ಕಂಪ್ಯೂಟರಿನ ಹಿಂದಿನಿಂದ ಆಯಿಶಾ ತಲೆಯೆತ್ತಿದಳು. ರಾಮಕುಂಜದಿಂದ ದಿನಾ ಬಸ್ಸಿನಲ್ಲಿ ಬರುವ ಡಾಟಾ ಆಪರೇಟರ್. ಹಿಂದಿನ ತಿಂಗಳು ಪುತ್ತೂರಿನಲ್ಲಿ ಮೂರು ದಿನದ ತರಬೇತಿ ನಡೆದಿತ್ತು: ಪಂಚಾಯತಿನವರು ತಮ್ಮಲ್ಲಿರುವ ಅಂಕಿಗಳನ್ನು ತಾವೇ ಓದಲು ಕಲಿಯಬೇಕೆಂದು. ಬೇರೆ ಯಾರೂ ಒಪ್ಪದ ಕಾರಣ ಅವಳನ್ನು ಕಳಿಸಿದ್ದರು.

"ಸಾರ್, ಒಂದು ಹೇಳ್ಲಾ? ಬಾಗಿಲು ಹಾಕಿದ ಅಂಗಡಿಯ ಎದುರು ಕೂತು ಗಿರಾಕಿ ಎಣಿಸಿದ ಹಾಗಾಯ್ತು ಇದು. ಸಂಕವೇ ಇಲ್ಲದಲ್ಲಿ ಮಳೆಗಾಲದಲ್ಲಿ ಯಾರು ದಾಟುದು? ಕುಕ್ಕಪ್ಪಣ್ಣ ಬರೆದದ್ದು ಸರಿ ಉಂಟು. ನಾವು ಕೇಳಿದ್ದು ತಪ್ಪು."

"ಮತ್ತೆಂತ ಕೇಳುದು?"

"ದಾಟದವರು ಎಷ್ಟು ಅಂತ."

ಪಿಡಿಒ ನಕ್ಕರು. "ಬಾರದ ಜನವನ್ನು ಎಣಿಸ್ಲಿಕ್ಕೆ ಪುತ್ತೂರಿನಲ್ಲಿ ಕಲಿಸಿದ್ರಾ?"

"ಬರಬೇಕಾದವರು ಬಾರದಿದ್ರೆ ಯಾರಾದರೊಬ್ಬರು ಬರೆದಿಟ್ಟಿರ್ತಾರೆ ಸಾರ್. ಅದನ್ನು ಹುಡುಕಿ ಅಂತ ಕಲಿಸಿದ್ದು." ಅವಳು ಕುಕ್ಕಪ್ಪನತ್ತ ತಿರುಗಿದಳು. "ಆಚೆಕರೆಯವರು ಒಂದು ದಿನ ಬಾರದಿದ್ರೆ ಮೊದಲು ಯಾರಿಗೆ ಗೊತ್ತಾಗುದು?"

ಕುಕ್ಕಪ್ಪ ಯೋಚಿಸಲೇ ಇಲ್ಲ. "ಸೊಸೈಟಿಯ ಶ್ರೀಶನಿಗೆ."

ಹಾಲಿನ ಸೊಸೈಟಿಯಲ್ಲಿ ಪ್ರತಿ ಮೆಂಬರಿಗೆ ಒಂದು ನಂಬ್ರ. ಬೆಳಿಗ್ಗೆ ಯಾರ ಹಾಲು ಎಷ್ಟು ಲೀಟರ್, ಕೊಬ್ಬು ಎಷ್ಟು, ಬರೆದಿಡುತ್ತಾರೆ, ಬಾರದಿದ್ದರೆ ಗೀಟು. ಆಚೆಯ ಏಳು ಮನೆಗಳಲ್ಲಿ ಐದು ಹಾಲು ಹಾಕುವವು. ಕಾರ್ಯದರ್ಶಿ ಶ್ರೀಶ ಹೋದ ವರ್ಷದ ರಿಜಿಸ್ಟರ್ ತೆಗೆಯುವ ಮೊದಲು ಕುಕ್ಕಪ್ಪನನ್ನು ಮೇಲಿಂದ ಕೆಳಗೆ ನೋಡಿದ.

"ಎಂತಕ್ಕೆ? ಹಾಲಿಗೆ ನೀರು ಹಾಕಿದವರನ್ನು ಹಿಡೀಲಿಕ್ಕಾ? ಪಂಚಾಯತಿನಿಂದ ಕಳಿಸುವಾಗ ನೀರಿನವನನ್ನೇ ಕಳಿಸಿದ್ದಾರಲ್ಲ!"

"ನಿನ್ನ ಸೊಸೈಟಿಗೆ ನಾನು ಬಿಡುವಷ್ಟು ನೀರು ಬೇಡ ಮಾರಾಯ. ಅದು ಮೊದಲೇ ಉಂಟು."

ಶಾಲೆಯಿಂದ ಹಾಜರಿ ಪುಸ್ತಕ ಬಂತು. ಮಳೆಯ ಲೆಕ್ಕ ಪಂಚಾಯತಿನ ಛಾವಣಿಯ ಮಳೆಮಾಪಕದ್ದು; ಅದು ದಿನವೂ ಕಂಪ್ಯೂಟರಿಗೆ ತಾನಾಗಿ ಬಂದು ಬೀಳುತ್ತಿತ್ತು, ಯಾರೂ ತೆರೆದು ನೋಡಿರಲಿಲ್ಲ. ಆಯಿಶಾ ಟೈಪು ಮಾಡುತ್ತ ಹೋದಳು, ಕುಕ್ಕಪ್ಪ ಕನ್ನಡಕ ಹಾಕಿ ಓದುತ್ತ ಹೋದ. ಬೆಳಿಗ್ಗೆ ನೀರು ಬಿಟ್ಟು ಬಂದು ಕೂತರೆ ಮಧ್ಯಾಹ್ನದವರೆಗೆ. ಮೊದಲ ದಿನ ಅವನಿಗೆ ಇದೆಲ್ಲ ಪೊಕ್ಕಡೆ, ಉಪಯೋಗವಿಲ್ಲದ ಕೆಲಸ ಅನಿಸಿತು. ಮೂರನೇ ದಿನ ಅವನೇ ಅವಳಿಗಿಂತ ಮೊದಲು ಬಂದು ಬೆಂಚಿನಲ್ಲಿ ಕಾಯುತ್ತಿದ್ದ.

ಜೂನಿನಿಂದ ಸೆಪ್ಟೆಂಬರಿನ ಕೊನೆಯವರೆಗೆ, ಐದು ಮನೆಗಳಲ್ಲಿ ಒಂದರ ಹಾಲೂ ಬಾರದ ದಿನಗಳು ನಲವತ್ತಮೂರು. ಭಾನುವಾರ, ಹಬ್ಬ, ಡಿಸಿಯವರು ಮಳೆಗೆ ರಜೆ ಕೊಟ್ಟ ದಿನಗಳನ್ನು ಕಳೆದರೆ ಅವುಗಳಲ್ಲಿ ಶಾಲೆಯಿದ್ದದ್ದು ಮೂವತ್ತೊಂದು. ಆ ಮೂವತ್ತೊಂದು ದಿನವೂ ಆಚೆಕರೆಯ ನಾಲ್ಕು ಮಕ್ಕಳ ಹೆಸರಿನ ಮುಂದೆ ಗೈರುಹಾಜರಿ. ಒಂದು ದಿನವೂ ತಪ್ಪಿರಲಿಲ್ಲ. ಹಾಲಿನ ರಿಜಿಸ್ಟರಿಗೂ ಶಾಲೆಯ ಪುಸ್ತಕಕ್ಕೂ ಸಂಬಂಧವಿಲ್ಲ, ಬರೆದ ಕೈಗಳು ಬೇರೆ. ಆದರೂ ಎರಡೂ ಒಂದೇ ಮಾತು ಹೇಳುತ್ತಿದ್ದವು.

"ಆದರೆ ಇಲ್ಲಿ ಹನ್ನೊಂದು ದಿನ ಮಳೆಯೇ ಇಲ್ಲ ಕುಕ್ಕಪ್ಪಣ್ಣ," ಆಯಿಶಾ ಪೆನ್ಸಿಲು ಕಚ್ಚಿದಳು. "ಬಿಸಿಲಿದ್ದ ದಿನ ಯಾಕೆ ಬರಲಿಲ್ಲ ಅಂತ ಸಭೆಯಲ್ಲಿ ಕೇಳಿದ್ರೆ ಎಂತ ಹೇಳುದು?"

"ತೋಡು ತುಂಬುದು ನಮ್ಮ ಛಾವಣಿಯ ಮಳೆಗಾ ಮಗಾ? ಘಟ್ಟದಲ್ಲಿ ಹೊಯ್ದರೆ ಸಾಕು. ಇಲ್ಲಿ ಅಂಗಳದಲ್ಲಿ ಬಟ್ಟೆ ಒಣಗ್ತಾ ಇರುವಾಗ ಅಲ್ಲಿ ನೀರು ಸೊಂಟಕ್ಕೆ ಬಂದಿರ್ತದೆ."

ಅವಳು ಘಟ್ಟದ ಬುಡದ ಪಂಚಾಯತಿನ ಮಳೆಯ ಲೆಕ್ಕ ತರಿಸಿ ಪಕ್ಕದಲ್ಲಿಟ್ಟಳು. ಹನ್ನೊಂದರಲ್ಲಿ ಹತ್ತು ದಿನ, ಹಿಂದಿನ ರಾತ್ರಿ ಅಲ್ಲಿ ಸುರಿದಿತ್ತು. "ಇದು ಪುತ್ತೂರಿನಲ್ಲಿ ಕಲಿಸ್ಲಿಲ್ಲ ನಂಗೆ" ಎಂದಳು. ಕುಕ್ಕಪ್ಪ ಕನ್ನಡಕ ಒರೆಸಿದ. ಕಿವಿ ಮಾತ್ರ ಕೆಂಪಾಗಿತ್ತು.

ಆ ನಲವತ್ತಮೂರರ ಲೆಕ್ಕಕ್ಕೆ ಸೇರದೆ ಹೊರಗೆ ಉಳಿದದ್ದು ಇನ್ನು ಮೂರು ದಿನ.

"ಇವು ಸಮ ಕೂರುದಿಲ್ಲ," ಆಯಿಶಾ ಅಂದಳು. "ಮಕ್ಕಳು ಬಂದಿಲ್ಲ. ನಾಲ್ಕು ಮನೆಯ ಹಾಲೂ ಇಲ್ಲ. ಒಂದು ಮನೆಯದ್ದು ಮಾತ್ರ ಬಂದುಂಟು, ನಂಬ್ರ ಇಪ್ಪತ್ತೇಳು. ಶ್ರೀಶಣ್ಣ ತಪ್ಪಿ ಬರೆದಿರಬೇಕು. ಈ ಮೂರನ್ನು ಬಿಟ್ಟುಬಿಡುವನಾ?"

"ಯಾವ ತಾರೀಕು?"

"ಆಗಸ್ಟ್ ಹನ್ನೆರಡು, ಹದಿಮೂರು, ಹದಿನಾಲ್ಕು."

ಕುಕ್ಕಪ್ಪನಿಗೆ ಆ ಮೂರು ದಿನಗಳು ಗೊತ್ತಿದ್ದವು. ಇಲಿಜ್ವರ ಬಂದು ಅವನು ಪುತ್ತೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳವು. ಮೂರು ದಿನವೂ ಹತ್ತು ಗಂಟೆಯ ಹೊತ್ತಿಗೆ ಅಕ್ಕ ಬಂದು ಹಾಸಿಗೆಯ ಪಕ್ಕ ಕೂತಿದ್ದಳು, ಗಂಜಿ ಕುಡಿಸಿದ್ದಳು. ಸೀರೆಯ ಅಂಚು ಒದ್ದೆ. ಹೇಗೆ ಬಂದೆ ಎಂದರೆ, ಉದಯ ಜೀಪು ಮಾಡಿ ಸುತ್ತು ದಾರಿಯಲ್ಲಿ ಬಸ್ಸಿಗೆ ಬಿಟ್ಟ ಎಂದಿದ್ದಳು. ಅವನು ನಂಬಿದ್ದ. ಸುತ್ತು ದಾರಿಯಲ್ಲಿ ಬಂದವಳು ತೋಡಿನ ಈಚೆಯ ಸೊಸೈಟಿಗೆ ಬೆಳಿಗ್ಗೆ ಏಳು ಗಂಟೆಗೆ ಹಾಲು ಹಾಕುವುದು ಹೇಗೆ?

ಇಪ್ಪತ್ತೇಳು ಅಕ್ಕನ ನಂಬ್ರ.

"ಶ್ರೀಶ ತಪ್ಪಿ ಬರೆದದ್ದಲ್ಲ," ಅಂದ. ಎದ್ದು ಹೊರಗೆ ಜಗಲಿಗೆ ಹೋದ. ಅರುವತ್ತಮೂರು ವರ್ಷದ ಹೆಂಗಸು, ಒಂದು ಕೈಯಲ್ಲಿ ಹಾಲಿನ ಕ್ಯಾನು. ಮೇಲಿನ ಬಂಡೆಯ ಹತ್ತಿರ ತೋಟದ ಪೈಪಿಗೆಂದು ತೋಡಿಗೆ ಅಡ್ಡ ಕಟ್ಟಿದ ಒಂದು ಹಗ್ಗವುಂಟು. ಅದನ್ನೇ ಹಿಡಿದಿರಬೇಕು. ಸಂಜೆ ವಾಪಸು ಹೋಗುವಾಗಲೂ ಅದೇ. ಮೂರು ದಿನಕ್ಕೆ ಆರು ಸಲ.

ಆಯಿಶಾ ಚಾ ತಂದು ಪಕ್ಕದಲ್ಲಿಟ್ಟಳು. ಚಾ ತಣಿದ ಮೇಲೆ ಅವನೇ ಹೇಳಿದ: "ಮೂರನ್ನೂ ಬಿಡುದು ಬೇಡ. ಇರಲಿ."

"ಅದರಿಂದ ನಮಗೇ ಕಷ್ಟ ಆಗ್ಬಹುದು ಕುಕ್ಕಪ್ಪಣ್ಣ. ದಾಟಬಹುದಲ್ಲ ಅಂತ ಹೇಳ್ತಾರೆ."

"ಹೇಳಲಿ. ಇದ್ದದ್ದು ಇರಬೇಕು."

ಯಾವ ಜಾಗದ ಹೆಸರು ಕಳಿಸುವುದೆಂದು ನಿಶ್ಚಯಿಸುವ ಗ್ರಾಮಸಭೆ ಶಾಲೆಯ ಸಭಾಂಗಣದಲ್ಲಿ. ಆಚೆಕರೆಯವರು ಆರು ಜನ ಬೆಳಕು ಹರಿಯುವಾಗಲೇ ಹೊರಟು ಒಂಬತ್ತು ಕಿಲೋಮೀಟರ್ ನಡೆದು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪ್ರೇಮಾವತಿ ತಮ್ಮನನ್ನು ನೋಡಿ ಮುಖ ಕಿಟಕಿಯ ಕಡೆ ತಿರುಗಿಸಿದಳು.

ಆಯಿಶಾ ಗೋಡೆಗೆ ಉದ್ದದ ಚಾರ್ಟ್ ಅಂಟಿಸಿ, ಹಾಲು ಬಾರದ ದಿನಕ್ಕೆ ನೀಲಿ, ಮಕ್ಕಳು ಬಾರದ ದಿನಕ್ಕೆ ಕೆಂಪು ಎಂದು ಬೆರಳಿಟ್ಟು ತೋರಿಸಿದಳು. ಮೊದಲಿಗೆ ಸ್ವರ ನಡುಗುತ್ತಿತ್ತು. ಘಟ್ಟದ ಮಳೆಯ ವಿಷಯ ಬಂದಾಗ ಮುದುಕರೆಲ್ಲ ಹೌದು ಹೌದೆಂದು ತಲೆಯಾಡಿಸಿದರು, ಅವಳ ಸ್ವರ ಗಟ್ಟಿಯಾಯಿತು.

ಸೀನಣ್ಣ ಎದ್ದು ನಿಂತರು. "ಚಿತ್ರ ಚೆಂದ ಉಂಟು. ಆದರೆ ನಮ್ಮಲ್ಲಿ ಮುನ್ನೂರ ಹನ್ನೆರಡು ಜನ, ಅಲ್ಲಿ ಏಳು ಮನೆ. ಕುಕ್ಕಪ್ಪ ತನ್ನ ಅಕ್ಕನಿಗೆ ಸಂಕ ಮಾಡಿಸುದಾದರೆ ನಾನು ನನ್ನ ಭಾವನಿಗೆ ವಿಮಾನ ನಿಲ್ದಾಣ ಕೇಳ್ತೇನೆ." ಸಭೆ ನಕ್ಕಿತು. "ಮತ್ತೆ ಈ ಮೂರು ದಿನ ಎಂತದ್ದು? ಕೆಂಪು ಉಂಟು, ನೀಲಿ ಇಲ್ಲ. ಯಾರೋ ದಾಟಿದ್ದಾರೆ ಅಂತ ನೀವೇ ಬರೆದಿದ್ದೀರಿ. ಮನಸ್ಸಿದ್ದರೆ ದಾಟ್ಬಹುದು ಅಂತ ಆಯ್ತಲ್ಲ?"

ಕುಕ್ಕಪ್ಪ ಎದ್ದ. ಸಭೆಯಲ್ಲಿ ಅವನು ಇಪ್ಪತ್ತೆರಡು ವರ್ಷದಲ್ಲಿ ಮಾತಾಡಿದ್ದೆಲ್ಲ ನೀರು ಯಾವಾಗ ಬರುತ್ತದೆ ಎಂದಷ್ಟೇ.

"ದಾಟಿದ್ದು ನನ್ನ ಅಕ್ಕ," ಅಂದ. "ಆ ಮೂರು ದಿನ ನಾನು ಇಲಿಜ್ವರದಲ್ಲಿ ಆಸ್ಪತ್ರೆಯಲ್ಲಿದ್ದೆ. ನನ್ನನ್ನು ನೋಡ್ಲಿಕ್ಕೆ ಬಂದದ್ದು. ಹಗ್ಗ ಹಿಡ್ಕೊಂಡು. ನಂಗೆ ಗೊತ್ತಿರಲಿಲ್ಲ, ಈ ರಿಜಿಸ್ಟರಿನಲ್ಲಿ ಗೊತ್ತಾದದ್ದು." ಅವನು ಸೀನಣ್ಣನ ಕಡೆ ತಿರುಗಿದ. "ಸೀನಣ್ಣ, ನಿಮ್ಮಲ್ಲಿ ಕಲ್ಲುಂಟು, ಹಾಗಾಗಿ ಮುನ್ನೂರು ಜನ ದಾಟಿದ್ರು. ಆಚೆಯವರು ದಾಟಬೇಕಾದರೆ ಯಾರಾದ್ರೂ ಸಾಯ್ಲಿಕ್ಕೆ ಬಿದ್ದಿರಬೇಕು. ಆಗಲೂ ಮಗುವನ್ನು ಮನೆಯಲ್ಲೇ ಬಿಟ್ಟು ಬಂದಿದ್ದಾಳೆ. ನೋಡಿ, ಕೆಂಪು ಹಾಗೇ ಉಂಟು. ತನ್ನ ಜೀವ ತಂದಳು, ಮಗುವಿನದ್ದು ತರಲಿಲ್ಲ."

ಸೀನಣ್ಣ ಹಿಂದಿನ ಸಾಲಿನತ್ತ ತಿರುಗಿ, ಸಣ್ಣ ಸ್ವರದಲ್ಲಿ ಕೇಳಿದರು: "ಹೌದಾ ಪ್ರೇಮಕ್ಕ? ಅಂಥಾ ನೀರಿನಲ್ಲಿ ಹಾಲಿನ ಕ್ಯಾನು ಬೇರೆ ಎಂತಕ್ಕೆ?"

ಪ್ರೇಮಾವತಿ ಕಿಟಕಿಯಿಂದ ಮುಖ ತಿರುಗಿಸಿದಳು. "ಹೇಗೂ ಬರುವಾಗ ಕೈ ಬೀಸ್ಕೊಂಡು ಬರುದಾ?"

ಯಾರೋ ನಕ್ಕರು, ನಕ್ಕವರೇ ಆಮೇಲೆ ತಲೆ ತಗ್ಗಿಸಿದರು. ಸೀನಣ್ಣ ಕೂತರು. ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, "ನಮ್ಮ ಕಲ್ಲು ಇನ್ನೊಂದೆರಡು ವರ್ಷ ನಿಲ್ತದೆ. ಪೊಯ್ಯೆಗುಂಡಿ ಅಂತಲೇ ಬರೀರಿ ಸಾರ್. ಆದರೆ ಮುಂದಿನ ಸಲ ನಮ್ಮದು, ಈಗಲೇ ಹೇಳಿದ್ದೇನೆ" ಎಂದರು.

ಪಿಡಿಒ ಬರೆದುಕೊಳ್ಳುತ್ತಿದ್ದಂತೆ ಪ್ರೇಮಾವತಿ ಎದ್ದು ನಿಂತಳು. "ಕಾಗದ ಹೋಗ್ತದೆ. ಸಂಕ ಯಾವಾಗ ಬರ್ತದೆ?"

"ಮಂಜೂರಾಗಬೇಕು, ಟೆಂಡರ್ ಆಗಬೇಕು... ಎರಡು ವರ್ಷ ಹಿಡೀಬಹುದು ಅಮ್ಮ."

"ಅಷ್ಟರವರೆಗೆ ನಾಲ್ಕು ಮಕ್ಕಳು ಚಾರ್ಟ್ ನೋಡ್ತಾ ಕೂರುದಾ?"

ಈ ಪ್ರಶ್ನೆಗೆ ಫಾರ್ಮಿನಲ್ಲಿ ಜಾಗವಿರಲಿಲ್ಲ. ಜಯಪ್ರಕಾಶರು ಆಯಿಶಾಳ ಮುಖ ನೋಡಿದರು. ಅವಳು ಚಾರ್ಟಿನ ಮುಂದೆಯೇ ನಿಂತಿದ್ದಳು.

"ಸಾರ್, ಶಾಲೆಯ ದಿನ ಲೆಕ್ಕ ಹಾಕಿದರೆ ಆ ಮೂರೂ ಸೇರಿ ಮೂವತ್ತನಾಲ್ಕು. ವರ್ಷಪೂರ್ತಿ ಗಾಡಿ ಬೇಡ. ಹಿಂದಿನ ರಾತ್ರಿಯ ಘಟ್ಟದ ಮಳೆ ಈಗ ನಮ್ಮ ಕಂಪ್ಯೂಟರಿಗೂ ಬರುವ ಹಾಗೆ ಮಾಡಿದ್ದೇನೆ, ಬೆಳಿಗ್ಗೆ ಆರಕ್ಕೆ ನೋಡಿ ಜೀಪಿನವರಿಗೆ ಫೋನ್ ಮಾಡಿದರಾಯ್ತು. ಪಂಚಾಯತಿನ ಸ್ವಂತ ನಿಧಿಯಲ್ಲಿ ಆಗ್ತದೆ."

"ಆರು ಗಂಟೆಗೆ ನೋಡುದು ಯಾರು?"

"ನಾನು ಐದಕ್ಕೇ ಪಂಪಿಗೆ ಬರ್ತೇನಲ್ಲ," ಕುಕ್ಕಪ್ಪ ಅಂದ. "ಆಯಿಶಾ ಮೊಬೈಲಿನಲ್ಲಿ ತೋರಿಸಿ ಕೊಟ್ಟರೆ ನಾನೇ ನೋಡ್ತೇನೆ."

ಬಾಗಿಲಲ್ಲಿ ಒರಗಿ ನಿಂತಿದ್ದ ಜೀಪಿನ ಅಸ್ಕರ್ ಕೈಯೆತ್ತಿದ. "ನಾನು ರೆಡಿ. ಮಕ್ಕಳೊಟ್ಟಿಗೆ ಹಾಲಿನ ಕ್ಯಾನೂ ಹತ್ತಲಿ. ಆದರೆ ಹಾಲು ಚೆಲ್ಲಿದ್ರೆ ನನ್ನನ್ನು ಬೈಬಾರ್ದು, ಆ ದಾರಿಯನ್ನು ಬೈಬೇಕು."

ಸಭೆ ಒಪ್ಪಿತು. ಬರವಣಿಗೆ ಮುಗಿದು ಸಹಿ ಬಿದ್ದ ಮೇಲೆಯೇ ಪ್ರೇಮಾವತಿ ಹೊರಗೆ ಕಾಲಿಟ್ಟದ್ದು.

ಆಚೆಕರೆಯವರನ್ನು ಅಸ್ಕರ್ ಅದೇ ಜೀಪಿನಲ್ಲಿ ಹೊರಡಿಸಿದ. ಹಿಂದಿನ ಸೀಟಿನಲ್ಲಿ ಅಕ್ಕನ ಪಕ್ಕ ಕುಕ್ಕಪ್ಪನೂ ಹತ್ತಿ ಕೂತ. ಅವಳು ಸ್ವಲ್ಪ ಸರಿದು ಜಾಗ ಮಾಡಿದಳು. ಎರಡು ಮೈಲಿ ಕಳೆಯಿತು.

"ಉದಯ ಜೀಪಿನಲ್ಲಿ ಬಿಟ್ಟ ಅಂತ ಹೇಳಿದ್ದೆ ನೀನು," ಕುಕ್ಕಪ್ಪ ಅಂದ.

"ನಿಂಗೆ ನೂರಮೂರು ಜ್ವರ ಇತ್ತು. ನಿಜ ಹೇಳಿದ್ರೆ ನೂರನಾಲ್ಕು ಆಗ್ತಿತ್ತು."

"ಇನ್ನು ಹಾಗೆ ದಾಟಬೇಡ ಅಕ್ಕ."

"ನೀನು ಇನ್ನು ಇಲಿಜ್ವರ ತರಿಸಿಕೊಳ್ಬೇಡ." ಜೀಪು ಗುಂಡಿಗೆ ಬಿದ್ದು ಎದ್ದಿತು, ಅವಳು ತಮ್ಮನ ತೋಳು ಹಿಡಿದುಕೊಂಡಳು. ದಾರಿ ಸಮವಾದ ಮೇಲೂ ಬಿಡಲಿಲ್ಲ. "ಎಲ್ಲರೆದುರು ನನ್ನ ಮಾನ ತೆಗೆದೆ. ಹಗ್ಗ ಹಿಡ್ಕೊಂಡು ಅಂತೆ. ಸೀರೆ ಮೇಲೆ ಕಟ್ಟಿದ್ದೆ ಅಂತಲೂ ಹೇಳ್ಬೇಕಿತ್ತು!"

"ಅದು ರಿಜಿಸ್ಟರಿನಲ್ಲಿ ಇರಲಿಲ್ಲ."

ಮುಂದಿನ ಸೀಟಿನಲ್ಲಿ ಅಸ್ಕರ್ ಕೆಮ್ಮಿದ ಹಾಗೆ ಮಾಡಿದ.

ಮನೆಯ ಅಂಗಳದಲ್ಲಿ ಉದಯ ರಬ್ಬರ್ ಶೀಟು ಒಣಗಲು ಹಾಕುತ್ತಿದ್ದ. ಸದ್ದು ಕೇಳಿ 'ಎಂತಾಯ್ತು' ಎನ್ನುವಂತೆ ಮುಖವೆತ್ತಿದ.

"ಹಾಸ್ಟೆಲಿನವರಿಗೆ ಫೋನ್ ಮಾಡು," ಪ್ರೇಮಾವತಿ ಇಳಿಯುತ್ತಲೇ ಹೇಳಿದಳು. "ನಮ್ಮ ಮಗು ಬರುದಿಲ್ಲ ಅಂತ ಹೇಳು."

"ಸಂಕ ಸಿಕ್ಕಿತಾ?"

"ಪಟ್ಟಿಗೆ ಹತ್ತಿತು. ಅಲ್ಲಿಯವರೆಗೆ ಜೀಪು. ಬಾರದಿದ್ದರೆ ಕೇಳ್ಲಿಕ್ಕೆ ನಾನಿದ್ದೇನೆ."

ಯಶಸ್ವಿ ಒಳಗಿನಿಂದ ಓಡಿ ಬಂದವಳು ಬಾಗಿಲಲ್ಲೇ ನಿಂತು ಅಜ್ಜಿಯನ್ನೂ ಜೀಪನ್ನೂ ನೋಡಿದಳು. ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹಾಗಾದ್ರೆ ಇನ್ನು ನೀರು ಬಂದ ದಿನವೂ ಶಾಲೆ ಉಂಟಾ?"

"ಉಂಟು."

"ಜೋರು ಬಂದ್ರೂ?"

"ಜೋರು ಬಂದ್ರೂ."

ಹುಡುಗಿಯ ಮುಖ ಸಣ್ಣಗಾಯಿತು. ಪ್ರೇಮಾವತಿ ಆ ಮುಖ ನೋಡಿ ಎಷ್ಟು ನಕ್ಕಳೆಂದರೆ, ಜಗಲಿಯ ಮೆಟ್ಟಿಲಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳಬೇಕಾಯಿತು.